ಸರಸ್‌ನ ನಲವತ್ತೊಂಬತ್ತನೇ ಹಾರಾಟ

ಬಿಡದಿ ಅಂದರೆ ನಮ್ಮ ಬ್ಯಾಚಿನವರಿಗೆ ಮೊದಲು ನೆನಪಾಗೋದು ತಟ್ಟೆ ಇಡ್ಲಿ. ಎರಡನೆಯದು ವಂಡರ್‌ಲಾ. ಮೈಸೂರು ಕಡೆ ಟ್ರಿಪ್ ಹೊರಟಾಗಲೆಲ್ಲ ಅಲ್ಲಿ ಗಾಡಿ ನಿಲ್ಲಿಸಿ, ಬೆಣ್ಣೆ ಹಾಕಿದ ಇಡ್ಲಿ ತಿಂದು ಮುಂದಕ್ಕೆ ಹೋಗಿದ್ದೀವಿ. ಅದೇ ಬಿಡದಿ ಹತ್ತಿರ ಶೇಷಗಿರಿಹಳ್ಳಿ ಅಂತ ಒಂದು ಊರಿದೆ, ಅಲ್ಲಿಯ ಬಯಲಿನಲ್ಲಿ 2009ರ ಮಾರ್ಚ್ 6ರಂದು ಒಂದು ವಿಮಾನ ಬಿದ್ದು ಸುಟ್ಟುಹೋಗಿತ್ತು ಅನ್ನೋದು ಮೂರನೇ ವರ್ಷದ ತನಕ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಗ ನಾವು ಒಂದನೇ ಕ್ಲಾಸೋ ಯುಕೆಜಿಯೋ. ನಮ್ಮ ಮನೆಗಳಲ್ಲಿ ಆ ಸುದ್ದಿ ಓದಿದವರೂ ಮರೆತಿದ್ದರು.

ಗೊತ್ತಾಗಿದ್ದು ಹೇಗೆ ಅಂದರೆ, ನಾವು ಕಾಲೇಜಿನ ಏರೋಮಾಡೆಲಿಂಗ್ ತಂಡದವರು. ನಾಲ್ಕು ಜನ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಎರಡು ಮೋಟಾರಿನ, ಪ್ರೊಪೆಲ್ಲರ್ ಹಿಂದಕ್ಕೆ ಇರುವ ಒಂದು ಮಾಡೆಲ್ ಕಟ್ಟುತ್ತಿದ್ದೆವು. ಇಂಥ ಜೋಡಣೆಯ ನಿಜವಾದ ವಿಮಾನ ಯಾವುದಾದರೂ ಇದೆಯಾ ಅಂತ ಹುಡುಕಿದಾಗ ಸಿಕ್ಕಿದ್ದು ಎರಡು. ಒಂದು ಇಟಲಿಯ ಪಿಯಾಜಿಯೊ ಅವಂತಿ. ಇನ್ನೊಂದು ನಮ್ಮ ಊರಿನದೇ: ಹಳೇ ಏರ್‌ಪೋರ್ಟ್ ರಸ್ತೆಯ ಎನ್‌ಎಎಲ್ ವಿನ್ಯಾಸ ಮಾಡಿದ ಸರಸ್. ಅವಂತಿಯ ಬಗ್ಗೆ ಚೆಂದದ ಫೋಟೋಗಳು ಸಿಕ್ಕವು. ಸರಸ್ ಬಗ್ಗೆ ಸಿಕ್ಕಿದ್ದು ಒಂದು ಅಪಘಾತ ತನಿಖಾ ವರದಿ. ಎರಡು ಸಂಜೆ ಮೆಸ್ಸಿನಲ್ಲಿ ಊಟ ಮುಗಿದ ಮೇಲೂ ಕೂತು ಅದನ್ನು ಓದಿದೆವು. ಮೆಸ್ಸಿನ ಅಣ್ಣ ಟೇಬಲ್ ಒರೆಸೋಕೆ ಬಂದು ಬಂದು ಸಾಕಾಗಿ ಲೈಟ್ ಆರಿಸಿದರು.

ಸಾರಸ ಅಂದರೆ ಕೊಕ್ಕರೆ ಜಾತಿಯ ಎತ್ತರದ ಹಕ್ಕಿ, ಹೆಸರು ಅಲ್ಲಿಂದ. 14 ಸೀಟಿನ ಹಗುರ ಸಾರಿಗೆ ವಿಮಾನ. ಸಣ್ಣ ಊರುಗಳ ನಡುವೆ ಜನರನ್ನು ಸಾಗಿಸೋಕೆ, ರೋಗಿಗಳನ್ನು ಕರೆತರೋಕೆ, ಇಂಥ ಕೆಲಸಗಳಿಗೆ ಅಂತ ಯೋಚಿಸಿದ್ದು. ಬಾಲದ ಹತ್ತಿರ ಎರಡೂ ಬದಿಗೆ ಒಂದೊಂದು ಟರ್ಬೊಪ್ರಾಪ್ ಎಂಜಿನ್; ಪ್ರೊಪೆಲ್ಲರ್ ವಿಮಾನವನ್ನು ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಮೊದಲ ಮಾದರಿ, ಅಂದರೆ ಪಿಟಿ-1, 2004ರ ಮೇ 29ರಂದು ಹಾರಿತು. ಹಗುರ ವಿಮಾನ ಅಂತ ಹೆಸರಿದ್ದರೂ ಅದು ಅಂದುಕೊಂಡಿದ್ದಕ್ಕಿಂತ ಸುಮಾರು 900 ಕಿಲೋ ಭಾರವಾಗಿತ್ತು. (ನಮ್ಮ ಮಾಡೆಲ್ ಅಂದುಕೊಂಡಿದ್ದಕ್ಕಿಂತ 300 ಗ್ರಾಂ ಜಾಸ್ತಿ ಬಂದಾಗ ಈ ಸಂಖ್ಯೆ ಓದಿ ಸ್ವಲ್ಪ ಸಮಾಧಾನ ಆಗಿತ್ತು, ಸುಳ್ಳು ಯಾಕೆ ಹೇಳೋದು.) ಎರಡನೇ ಮಾದರಿ ಪಿಟಿ-2ಕ್ಕೆ ಇನ್ನೂ ಶಕ್ತಿಯುತ ಎಂಜಿನ್ ಹಾಕಿದರು. ಅದು 2007ರ ಏಪ್ರಿಲ್‌ನಲ್ಲಿ ಮೊದಲ ಸಲ ಹಾರಿತು. ಬಿಡದಿ ಹತ್ತಿರ ಬಿದ್ದದ್ದು ಇದೇ ಪಿಟಿ-2. ಎರಡು ವರ್ಷದಲ್ಲಿ ಅದರ 49ನೇ ಹಾರಾಟ ಅದು.

ಆ ದಿನದ ಪರೀಕ್ಷೆ ಏನಾಗಿತ್ತು ಅಂದರೆ, ಹಾರುತ್ತಿರುವಾಗ ಬೇಕೆಂದೇ ಒಂದು ಎಂಜಿನ್ ಆರಿಸಿ, ಮತ್ತೆ ಹೊತ್ತಿಸುವುದು.

ಇದನ್ನು ಕೇಳಿದ ಕೂಡಲೇ ನಮ್ಮ ಕ್ಲಾಸಿನ ಇತರರು ಕೇಳಿದ ಪ್ರಶ್ನೆ ಒಂದೇ: ಯಾಕೆ ಬೇಕಿತ್ತು? ಚೆನ್ನಾಗಿ ಓಡುತ್ತಿರೋದನ್ನ ಯಾಕೆ ಆರಿಸಬೇಕು? ಬೇಕು. ನಾಳೆ ಈ ವಿಮಾನದಲ್ಲಿ ಹದಿನಾಲ್ಕು ಜನ ಕೂತು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವಾಗ ಒಂದು ಎಂಜಿನ್ ತಾನಾಗಿಯೇ ಆರಿದರೆ, ಪೈಲಟ್ ಕೈಪಿಡಿ ತೆರೆದು ನೋಡುತ್ತಾನೆ. ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ, ಯಾವ ಕ್ರಮದಲ್ಲಿ ಲಿವರ್ ಸರಿಸಿದರೆ ಅದು ಮತ್ತೆ ಹೊತ್ತುತ್ತದೆ ಅನ್ನೋದು ಆ ಪುಟದಲ್ಲಿ ಇರಬೇಕು. ಆ ಪುಟ ಎಲ್ಲಿಂದ ಬರುತ್ತೆ? ಯಾರೋ ಒಬ್ಬರು ಮೊದಲು ಆರಿಸಿ, ಹೊತ್ತಿಸಿ, ಬರೆದುಕೊಂಡು ಇಳಿದಿದ್ದರೆ ಮಾತ್ರ ಬರುತ್ತೆ. ಪರೀಕ್ಷಾ ಹಾರಾಟ ಅಂದರೆ ಸಾಹಸ ಅಂತ ಸಿನಿಮಾ ನೋಡಿ ಅಂದುಕೊಂಡಿದ್ದೆವು. ಓದುತ್ತಾ ಹೋದ ಹಾಗೆ ಅದು ನಮ್ಮ ಲ್ಯಾಬ್ ರೆಕಾರ್ಡಿನ ಅಣ್ಣನ ಥರ ಕಂಡಿತು. ಒಂದೊಂದು ಸಾಲಿಗೆ ಒಂದೊಂದು ಸಂಖ್ಯೆ ತುಂಬುವ ಕೆಲಸ. ರೀಡಿಂಗ್ ತಗೊಳ್ಳೋ ಜಾಗ ಮಾತ್ರ ಬೇರೆ.

ಈಗ ಸ್ವಲ್ಪ ಪ್ರೊಪೆಲ್ಲರ್ ವಿಷಯ. ಬೋರ್ ಆಗುವವರು ಒಂದೆರಡು ಪ್ಯಾರಾ ಹಾರಿಸಬಹುದು, ಆದರೆ ಇಡೀ ಕತೆ ಇರೋದೇ ಅಲ್ಲಿ.

ಸರಸ್‌ನ ಎಂಜಿನ್ ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6 ಕುಟುಂಬದ್ದು. ಜಗತ್ತಿನ ತುಂಬ ಇರುವ, ತುಂಬಾ ನಂಬಿಕೆಯ ಎಂಜಿನ್. ಅದರೊಳಗೆ ಕಂಪ್ರೆಸರ್ ತಿರುಗಿಸುವ ಟರ್ಬೈನ್ ಬೇರೆ, ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಬೇರೆ. ಇವೆರಡರ ನಡುವೆ ಶಾಫ್ಟ್ ಸಂಬಂಧ ಇಲ್ಲ, ಬಿಸಿ ಗಾಳಿಯ ಸಂಬಂಧ ಮಾತ್ರ. ಹಾಗಾಗಿ ಬೈಕನ್ನು ಇಳಿಜಾರಿನಲ್ಲಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡಿದ ಹಾಗೆ, ಪ್ರೊಪೆಲ್ಲರನ್ನು ಗಾಳಿಗೆ ತಿರುಗಿಸಿ ಎಂಜಿನ್ ಹೊತ್ತಿಸೋಕೆ ಇಲ್ಲಿ ಆಗಲ್ಲ. ಪ್ರೊಪೆಲ್ಲರ್ ಎಷ್ಟು ತಿರುಗಿದರೂ ಕಂಪ್ರೆಸರಿಗೆ ಅದರಿಂದ ಏನೂ ಸಿಗಲ್ಲ.

ಇನ್ನು ಬ್ಲೇಡು. ಇದರ ಕೋನ ಬದಲಾಯಿಸಬಹುದು. ಎಂಜಿನ್ ಆರಿದಾಗ ಬ್ಲೇಡನ್ನು ಗಾಳಿಗೆ ಅಂಚು ಕೊಟ್ಟ ಹಾಗೆ ತಿರುಗಿಸಿಬಿಡುತ್ತಾರೆ, ಇದಕ್ಕೆ ಫೆದರ್ ಅಂತಾರೆ. ಸ್ಪ್ರಿಂಗು ಮತ್ತು ಕೌಂಟರ್‌ವೇಟ್ ಬ್ಲೇಡನ್ನು ಫೆದರ್ ಕಡೆಗೆ ತಳ್ಳುತ್ತಿರುತ್ತವೆ. ಎಣ್ಣೆಯ ಒತ್ತಡ ಅದನ್ನು ಈ ಕಡೆಗೆ ತರುತ್ತದೆ. ಊರಲ್ಲಿ ಅಜ್ಜಿ ಮನೆಯ ಮೊರ ಗೊತ್ತಲ್ವಾ? ಬೈಕಿನ ಹಿಂದೆ ಕೂತು ಮೊರವನ್ನು ಗಾಳಿಗೆ ಅಂಚಾಗಿ ಹಿಡಿದರೆ ಏನೂ ಅನ್ನಿಸಲ್ಲ. ಅದನ್ನೇ ಅಡ್ಡ ತಿರುಗಿಸಿ ಹಿಡೀರಿ ನೋಡೋಣ. ಕೈ ಕಿತ್ತು ಹೋಗುತ್ತೆ, ಗಾಡಿ ಆ ಕಡೆಗೆ ಎಳೆಯುತ್ತೆ. ಎಂಜಿನ್ ಇನ್ನೂ ಶಕ್ತಿ ಕೊಡುತ್ತಿಲ್ಲ, ಆದರೆ ಬ್ಲೇಡು ಫೆದರ್‌ನಿಂದ ಹೊರಗೆ ಬಂದು ಗಾಳಿಗೆ ಅಗಲವಾಗಿ ನಿಂತಿದೆ ಅಂದರೆ ಆಗೋದು ಅದೇ. ವಿಮಾನದ ಒಂದು ಬದಿಗೆ ಯಾರೋ ಹಿಡಿದು ಜಗ್ಗಿದ ಹಾಗೆ. ಮೂತಿ ಆ ಕಡೆ ತಿರುಗುತ್ತೆ, ಹಿಂದೆಯೇ ರೆಕ್ಕೆ ವಾಲುತ್ತೆ, ವೇಗ ಇಳಿಯುತ್ತೆ, ಎತ್ತರ ಕರಗುತ್ತೆ. ಆದ್ದರಿಂದ ಯಾವ ಲಿವರ್ ಮೊದಲು, ಯಾವುದು ಆಮೇಲೆ ಅನ್ನೋ ಕ್ರಮವೇ ಇಲ್ಲಿ ಜೀವ.

ಎತ್ತರದ ಬಗ್ಗೆ ಒಂದು ಮಾತು. ವಿಮಾನದವರ ಲೆಕ್ಕದಲ್ಲಿ ಎತ್ತರ ಅಂದರೆ ಸಾಮಾನ್ಯವಾಗಿ ಸಮುದ್ರಮಟ್ಟದಿಂದ. ಬೆಂಗಳೂರು ತಾನೇ ಹತ್ತಿರ ಹತ್ತಿರ 3000 ಅಡಿ ಎತ್ತರದಲ್ಲಿ ಕೂತಿದೆ. ಒಂಬತ್ತು-ಹತ್ತು ಸಾವಿರ ಅಡಿ ಅಂತ ಕಾಗದದ ಮೇಲೆ ಬರೆದರೆ ನಿಜವಾಗಿ ಕೈಯಲ್ಲಿರೋದು ಆರೋ ಏಳೋ ಸಾವಿರ. ನಮ್ಮ ಊರು ತಂಪು ಅಂತ ಹೆಮ್ಮೆ ಪಡ್ತೀವಲ್ಲ, ಆ ತಂಪಿಗೆ ಕೊಡೋ ಬೆಲೆ ಇದು.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ ಮೂರರ ಸುಮಾರಿಗೆ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪಿಟಿ-2 ಏರಿತು. ಒಳಗೆ ಮೂರು ಜನ, ಮೂವರೂ ವಾಯುಪಡೆಯ ವಿಮಾನ ಪರೀಕ್ಷಾ ಘಟಕವಾದ ಎಎಸ್‌ಟಿಇಯವರು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೊದಲ ಇಬ್ಬರು ಪರೀಕ್ಷಾ ಪೈಲಟ್‌ಗಳು. ಮೂರನೆಯವರು ಪೈಲಟ್ ಅಲ್ಲ. ಫ್ಲೈಟ್ ಟೆಸ್ಟ್ ಎಂಜಿನಿಯರ್.

ಇಲ್ಲಿ ನಾವು ಓದೋದು ನಿಲ್ಲಿಸಿದೆವು. ಎಂಜಿನಿಯರ್ ಅಂದರೆ ಕೆಳಗೆ ಕಂಪ್ಯೂಟರ್ ಮುಂದೆ ಕೂತಿರುವವನು ಅಂತ ನಮ್ಮ ತಲೆಯಲ್ಲಿ ಹೇಗೋ ಬೇರೂರಿತ್ತು. ಕೆಳಗೂ ಇದ್ದರು, ಟೆಲಿಮೆಟ್ರಿ ನೋಡುತ್ತ, ಹಾರಾಟದ ನಿರ್ದೇಶಕರ ಜೊತೆ. ಆದರೆ ಒಬ್ಬರು ಮೇಲೆಯೂ ಇದ್ದರು, ತಾವು ಅಳೆಯುತ್ತಿರುವ ಯಂತ್ರದ ಒಳಗೇ ಕೂತು.

ಮೊದಲ ಪರೀಕ್ಷೆಗಳು ಸರಿಯಾಗಿಯೇ ನಡೆದವು. ಆಮೇಲೆ ನೈಋತ್ಯಕ್ಕೆ ಹೋಗಿ ಎಡ ಎಂಜಿನ್ ಆರಿಸಿದರು. ಮತ್ತೆ ಹೊತ್ತಿಸಲು ನೋಡಿದರು. ಮೊದಲ ಪ್ರಯತ್ನ ಫಲಿಸಲಿಲ್ಲ. ವಿಮಾನ ವೇಗವಾಗಿ ಎತ್ತರ ಕಳೆದುಕೊಂಡಿತು, ಹಿಡಿತಕ್ಕೆ ಸಿಗಲಿಲ್ಲ. ಮೂರೂವರೆ ಹೊತ್ತಿಗೆ ಎಲ್ಲ ಮುಗಿದಿತ್ತು. ಮೂವರೂ ಉಳಿಯಲಿಲ್ಲ.

ಡಿಜಿಸಿಎ ತನಿಖೆಯ ತೀರ್ಮಾನ ಹೀಗೆ: ವಿನ್ಯಾಸ ಮಾಡಿದವರು ರೂಪಿಸಿದ ಮರುಚಾಲನೆಯ ವಿಧಾನವೇ ಸರಿಯಿರಲಿಲ್ಲ, ಅದನ್ನು ಸಾಲದಷ್ಟು ಎತ್ತರದಲ್ಲಿ ಸಿಬ್ಬಂದಿ ಅನುಸರಿಸಿದರು, ವಿಮಾನ ಅಸಹಜವಾಗಿ ವರ್ತಿಸಿ ಬಿತ್ತು. ಇದಕ್ಕೆ ಜೊತೆಯಾದವು ಅಂತ ಇನ್ನಷ್ಟು ಹೇಳಿದೆ. ಕಾಕ್‌ಪಿಟ್‌ನಲ್ಲಿ ಹೊಂದಾಣಿಕೆ ಸಾಲಲಿಲ್ಲ, ನಿಯಂತ್ರಣಗಳನ್ನು ಬಳಸಿದ ರೀತಿ ಸರಿಹೋಗಲಿಲ್ಲ, ಮೊದಲ ಪ್ರಯತ್ನ ಸೋತ ಮೇಲೆ ಕೆಳಗಿನ ನಿರ್ದೇಶಕರ ಜೊತೆ ಮಾತಾಡಿ ಹಾರಾಟವನ್ನು ಅಲ್ಲಿಗೇ ಕೈಬಿಡಲಿಲ್ಲ. ಮತ್ತೆ, ಈ ವಿಧಾನ ರೂಪಿಸುವಾಗ ಪ್ರೊಪೆಲ್ಲರ್ ತಯಾರಕರನ್ನು ಕೇಳಿರಲಿಲ್ಲ.

ಓದಿ ಮುಗಿಸಿದ್ದೇ ತಡ, ನಮ್ಮೊಳಗೆ ಜಗಳ ಶುರುವಾಯಿತು. ಮಂಡ್ಯದವನದು ಒಂದೇ ಹಟ: "ಮೊದಲನೇ ಸಲ ಆಗ್ನಿಲ್ಲ ಅಂದ್ಮೇಲೆ ವಾಪಸ್ ಬಂದ್ಬುಡ್ಬೇಕಿತ್ತು ಕಣ್ಲಾ. ಒಂದು ಎಂಜಿನ್ನು ಚೆನ್ನಾಗೇ ಇತ್ತಲ್ವಾ?" ಹುಬ್ಬಳ್ಳಿಯವನಿಗೆ ಸಿಟ್ಟು ನೆತ್ತಿಗೇರಿತು: "ಅವ್ರ ಕೈಯಾಗ ಕೊಟ್ಟ ಹಾಳಿನಾಗ ತಪ್ಪಿತ್ತಂದ್ರ ಅವ್ರೇನ್ ಮಾಡ್ಬೇಕಲೇ? ನೀ ಇಲ್ಲಿ ಕುಂತು ಮೊಸರನ್ನ ತಿಂದು ಮಾತಾಡ್ತಿ." ಇಬ್ಬರೂ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಉಳಿದ ನಾವು ಮಧ್ಯೆ ಸಿಕ್ಕಿಕೊಂಡೆವು.

ನಮಗೆ ಅನ್ನಿಸಿದ್ದನ್ನು ಹೇಳಿಬಿಡ್ತೀವಿ. ಸತ್ತವರು ಉತ್ತರ ಕೊಡೋಕೆ ಬರಲ್ಲ, ಹಾಗಾಗಿ ಅವರ ಮೇಲೆ ಹಾಕೋದು ಸುಲಭ ಅನ್ನೋ ಅನುಮಾನ ನಮಗೆ ಇತ್ತು. ಆದರೆ ಈ ವರದಿ ಹಾಗೆ ಮಾಡಿಲ್ಲ. ಮೊದಲ ಸಾಲಿನಲ್ಲೇ ಮೇಜಿನ ಮೇಲೆ ಬರೆದ ಕಾಗದದತ್ತ ಬೆರಳು ತೋರಿಸಿದೆ, ಆಮೇಲೆ ಕಾಕ್‌ಪಿಟ್ಟಿಗೆ ಬಂದಿದೆ. ಸರ್ಕಾರಿ ವರದಿ ಅಂದರೆ ಮೂಗು ಮುರಿಯೋ ನಾವು ಇದನ್ನು ಮೆಚ್ಚಿಕೊಂಡೆವು. ಆದರೂ ಹುಬ್ಬಳ್ಳಿಯವನ ಮಾತು ನಮಗೆ ಹತ್ತಿರ. ಪರೀಕ್ಷಾ ಪೈಲಟ್ ಎಂಥ ಪರಿಣತನಾದರೂ ಇದುವರೆಗೆ ಯಾರೂ ಮಾಡದ್ದನ್ನು ಮಾಡುವಾಗ ಅವನ ಕೈಗೆ ಆಧಾರ ಆ ಕಾಗದವೇ.

ಪ್ರೊಪೆಲ್ಲರ್ ತಯಾರಕರ ಸಾಲು ನಮ್ಮನ್ನು ಬಹಳ ಕಾಡಿತು. ವಿಮಾನದ ದೇಹ ಒಬ್ಬರದು, ಎಂಜಿನ್ ಇನ್ನೊಬ್ಬರದು, ಪ್ರೊಪೆಲ್ಲರ್ ಮತ್ತೊಬ್ಬರದು. ಪ್ರತಿಯೊಬ್ಬರಿಗೂ ತಮ್ಮ ಭಾಗ ಚೆನ್ನಾಗಿ ಗೊತ್ತು. ಆರಿದ ಎಂಜಿನ್ನಿನ ಮೇಲೆ ಬ್ಲೇಡು ಹೇಗೆ ನಡೆದುಕೊಳ್ಳುತ್ತೆ ಅನ್ನೋದು ಮಾತ್ರ ಯಾರೊಬ್ಬರ ಪುಸ್ತಕದಲ್ಲೂ ಪೂರ್ತಿ ಇರಲ್ಲ, ಮೂವರು ಒಟ್ಟಿಗೆ ಕೂತರೆ ಗೊತ್ತಾಗುತ್ತೆ. ನಮ್ಮ ತಂಡದಲ್ಲೇ ನೋಡಿ. ಮೋಟಾರು ನಮ್ಮದು, ಅದರ ಕಂಟ್ರೋಲರ್ ಎಲೆಕ್ಟ್ರಾನಿಕ್ಸ್ ಹುಡುಗನದು. "ಅದು ನಿನ್ನ ಡಿಪಾರ್ಟ್‌ಮೆಂಟು" ಅನ್ನೋ ಮಾತು ನಮ್ಮ ವರ್ಕ್‌ಶಾಪಿನಲ್ಲಿ ದಿನಕ್ಕೆ ಎಷ್ಟು ಸಲ ಕೇಳುತ್ತೆ ಅಂತ ಆ ವಾರ ಎಣಿಸಿದೆವು. ಬುಧವಾರದ ಹೊತ್ತಿಗೆ ಎಣಿಸೋದು ಬಿಟ್ಟೆವು.

ಇನ್ನೊಂದು ವಿಷಯ, ಇದು ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಹೇಳಬಹುದು. ವರದಿಯ ಭಾಗಗಳನ್ನು ಕನ್ನಡಕ್ಕೆ ತರೋಕೆ ಕೂತಾಗ ಒಂದು ಕಷ್ಟ ಎದುರಾಯಿತು. ನಮ್ಮ ಲ್ಯಾಬ್ ರೆಕಾರ್ಡುಗಳೂ ಅಷ್ಟೇ, ಇಂಥ ವರದಿಗಳೂ ಅಷ್ಟೇ, ಎಲ್ಲವೂ "ಲಾಯಿತು" ಭಾಷೆ. ರೂಪಿಸಲಾಯಿತು, ಅನುಮೋದಿಸಲಾಯಿತು, ಪಾಲಿಸಲಾಯಿತು. ಬರೆಯೋಕೆ ಸಲೀಸು. ಆದರೆ ಅದನ್ನೇ ನಾವು ಮನೆಯಲ್ಲಿ ಆಡೋ ಕನ್ನಡದಲ್ಲಿ ಹೇಳೋಕೆ ಹೋದರೆ ವಾಕ್ಯ ಮುಂದಕ್ಕೇ ಹೋಗಲ್ಲ, "ಯಾರು?" ಅಂತ ನಿಂತುಬಿಡುತ್ತೆ. ಅಮ್ಮನ ಹತ್ತಿರ ಹೋಗಿ "ಲೋಟ ಒಡೆಯಲಾಯಿತು" ಅಂತ ಹೇಳಿ ನೋಡಿ, ಏನು ಸಿಗುತ್ತೆ ಅಂತ. ಯಾರನ್ನೋ ಹಿಡಿದು ನಿಲ್ಲಿಸಬೇಕು ಅಂತಲ್ಲ ನಮ್ಮ ಮಾತು. ಇನ್ನೊಂದು ವರ್ಷಕ್ಕೆ ನಮ್ಮಲ್ಲಿ ಕೆಲವರು ಎಲ್ಲೋ ಒಂದು ಮೇಜಿನ ಮುಂದೆ ಕೂತು ಇಂಥದೇ ಒಂದು ವಿಧಾನ ಬರೀತೀವಿ. ಬ್ರೇಕಿಗೋ, ಬಾಯ್ಲರಿಗೋ, ಬ್ಯಾಟರಿಗೋ. ಅದನ್ನು ಓದಿ ಲಿವರ್ ಎಳೆಯುವವರು ನಮ್ಮ ಮುಖ ನೋಡಿರಲ್ಲ.

ಬೇರೆ ಕಡೆ ಇಂಥದು ಹೇಗೆ ನಡೆಯುತ್ತೆ ಅಂತ ನೋಡುವಾಗ ಅಮೆರಿಕದ ಸೆಸ್ನಾ ಸ್ಕೈಕ್ಯಾಚರ್ ಸಿಕ್ಕಿತು. ಎರಡು ಸೀಟಿನ ಪುಟ್ಟ ವಿಮಾನ. 2008ರ ಸೆಪ್ಟೆಂಬರ್‌ನಲ್ಲಿ ಸ್ಪಿನ್ ಪರೀಕ್ಷೆ ಮಾಡುವಾಗ, ಅಂದರೆ ಬುಗುರಿಯ ಹಾಗೆ ಸುತ್ತಿಸಿ ಹೊರಬರುವ ಪರೀಕ್ಷೆಯಲ್ಲಿ, ಅದು ಸುತ್ತುವುದರಿಂದ ಹೊರಗೇ ಬರಲಿಲ್ಲ. ಪೈಲಟ್ ಹೊರಕ್ಕೆ ಹಾರಿ ಪ್ಯಾರಾಶೂಟಿನಲ್ಲಿ ಇಳಿದ. ಬಾಲ ಬದಲಿಸಿದರು. ಮತ್ತೆ 2009ರ ಮಾರ್ಚ್‌ನಲ್ಲಿ, ಸರಸ್ ಬಿದ್ದು ಎರಡು ವಾರವೂ ಆಗಿರಲಿಲ್ಲ, ಇನ್ನೊಂದು ಸ್ಕೈಕ್ಯಾಚರ್ ಅದೇ ಥರ ಸುತ್ತಿಗೆ ಸಿಕ್ಕಿಕೊಂಡಿತು. ಈ ಸಲ ಇಡೀ ವಿಮಾನಕ್ಕೇ ಕಟ್ಟಿದ್ದ ಪ್ಯಾರಾಶೂಟ್ ಬಿಚ್ಚಿ ಪೈಲಟ್ ಬದುಕಿದ. ಎರಡೂ ಯಂತ್ರ ಹೋದವು, ಮನುಷ್ಯರು ಉಳಿದರು, ಆ ವಿಮಾನ ಕೊನೆಗೆ ಮಾರುಕಟ್ಟೆಗೂ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗೋದು ಸರಿಯಲ್ಲ ಅಂತ ಗೊತ್ತು. ಒಂದು ಎರಡು ಸೀಟಿನದು, ಇನ್ನೊಂದು ಟನ್‌ಗಟ್ಟಲೆ ತೂಕದ್ದು. ಸ್ಪಿನ್ ಪರೀಕ್ಷೆಗೆ ಹೋಗುವವರು ಹೊರಬರಲಾಗದೇ ಇರಬಹುದು ಅಂತ ಮೊದಲೇ ಅಂದುಕೊಂಡು ಹೋಗುತ್ತಾರೆ. ಎಂಜಿನ್ ಹೊತ್ತಿಸೋಕೆ ಹೋಗುವವರು ಹೆಚ್ಚೆಂದರೆ ಹೊತ್ತಲ್ಲ, ಇನ್ನೊಂದರಲ್ಲಿ ಇಳೀತೀವಿ ಅಂದುಕೊಂಡಿರಬಹುದು ಅಲ್ವಾ? ನಮಗೆ ಈ ವ್ಯತ್ಯಾಸ ದೊಡ್ಡದು ಅನ್ನಿಸುತ್ತೆ.

ಸರಸ್ ಆಮೇಲೆ ಬಹಳ ವರ್ಷ ಮೂಲೆಗೆ ಸೇರಿತು. ಹಳೆಯ ಪಿಟಿ-1ನ್ನೇ ತಿದ್ದಿ, ಪಿಟಿ-1ಎನ್ ಅಂತ ಹೆಸರಿಟ್ಟು, 2018ರ ಜನವರಿ 24ರಂದು ಮತ್ತೆ ಹಾರಿಸಿದರು. ಹಾರಿಸಿದವರು ಮತ್ತೆ ಎಎಸ್‌ಟಿಇಯವರೇ. ಅದೇ ಘಟಕದಿಂದ ಬಂದು, ಅದೇ ಜಾತಿಯ ವಿಮಾನದ ಬಾಗಿಲು ತೆಗೆದು ಒಳಗೆ ಕೂತವರ ಮನಸ್ಸಿನಲ್ಲಿ ಅವತ್ತು ಬೆಳಿಗ್ಗೆ ಏನಿತ್ತೋ. ಈಗ 19 ಸೀಟಿನ ಮುಂದಿನ ಮಾದರಿಯ ಕೆಲಸ ನಡೀತಿದೆ.

ನಮ್ಮ ಮಾಡೆಲ್ ವಿಷಯಕ್ಕೆ ಬರೋಣ. ಸ್ಪರ್ಧೆಗೆ ಕಳಿಸೋ ವಿಡಿಯೋದಲ್ಲಿ, ಹಾರುವಾಗ ಒಂದು ಮೋಟಾರ್ ಆರಿಸಿ ಮತ್ತೆ ಚಾಲೂ ಮಾಡಿ ತೋರಿಸಿದರೆ ಹೆಚ್ಚಿನ ಅಂಕ ಬರುತ್ತೆ ಅನ್ನೋ ಲೆಕ್ಕ ನಮ್ಮದು. ವರದಿ ಓದಿದ ಮೇಲೆ ನಾವೂ ಒಂದು ಟೆಸ್ಟ್ ಕಾರ್ಡ್ ಬರೆದೆವು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ, ಹತ್ತು ಸಾಲು. ಎಷ್ಟು ಎತ್ತರ, ಥ್ರಾಟಲ್ ಎಲ್ಲಿ, ಎಷ್ಟು ಸೆಕೆಂಡ್ ಕಾಯಬೇಕು. ಸೀನಿಯರ್ ಒಬ್ಬರು ನೋಡಿ, "ಎರಡು ಮೀಟರ್ ಥರ್ಮಾಕೋಲಿಗೆ ಏನ್ ಗುರೂ ಇಸ್ರೋ ಬಿಲ್ಡಪ್ಪು" ಅಂತ ನಕ್ಕು ಹೋದರು. ನಗಲಿ ಬಿಡಿ.

ನಮ್ಮ ಪೈಲಟ್ ಎರಡನೇ ವರ್ಷದ ಹುಡುಗಿ. ಇಡೀ ಕಾಲೇಜಿನಲ್ಲಿ ಅವಳಷ್ಟು ನಯವಾಗಿ ರಿಮೋಟ್ ಹಿಡಿಯೋರು ಇಲ್ಲ. ಬೆಳಿಗ್ಗೆ ಆರೂವರೆಗೆ ಮೈದಾನದ ಮೇಲೆ ಹಾರಿಸಿದಳು. ಎಡ ಮೋಟಾರ್ ಆರಿಸಿದಳು. ಒಂದು ಸುತ್ತು ಬಂದು ಸ್ವಿಚ್ ಒತ್ತಿದಳು. ಮೋಟಾರ್ ತಿರುಗಲಿಲ್ಲ. ಕ್ಯಾಮೆರಾ ಹಿಡಿದಿದ್ದ ನಾವು "ಇನ್ನೊಂದ್ ಸಲ, ಇನ್ನೊಂದ್ ಸಲ" ಅಂತ ಕೂಗಿದೆವು. ವಿಡಿಯೋ ಕಳಿಸೋಕೆ ಅವತ್ತೇ ಕೊನೇ ದಿನ. ಅವಳು ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: "ಅಣ್ಣಾ, ಎರಡನೇ ಸಲದ್ದು ಕಾರ್ಡಲ್ಲಿ ಬರೆದಿಲ್ಲ. ಇಳಿಸ್ತಾ ಇದ್ದೀನಿ."

ಇಳಿಸಿದಳು. ಒಂದೇ ಮೋಟಾರಿನಲ್ಲಿ, ಸ್ವಲ್ಪ ಸೊಟ್ಟಗೆ, ಆದರೆ ಏನೂ ಮುರಿಯದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮಂಡ್ಯದವನು ಮಾತ್ರ ಹೋಗಿ ಅವಳ ಕೈಯಿಂದ ರಿಮೋಟ್ ಇಸಕೊಂಡು, ನೀರಿನ ಬಾಟಲ್ ಕೊಟ್ಟ. ಹುಬ್ಬಳ್ಳಿಯವನು ಅವನ ಮುಖ ನೋಡಿದ. ಇಬ್ಬರೂ ಏನೂ ಮಾತಾಡಲಿಲ್ಲ. ವರ್ಕ್‌ಶಾಪಿಗೆ ತಂದು ವೈರು, ಕನೆಕ್ಟರು, ಕಂಟ್ರೋಲರು ಎಲ್ಲ ಬಿಚ್ಚಿ ನೋಡಿದೆವು. ಮೇಜಿನ ಮೇಲೆ ಮೋಟಾರ್ ಹತ್ತಕ್ಕೆ ಹತ್ತು ಸಲ ಚಾಲೂ ಆಯಿತು. ಎರಡನೇ ಸಲ ಒತ್ತಿದ್ದರೆ ಅಲ್ಲೂ ಆಗುತ್ತಿತ್ತೋ ಏನೋ. ಆ ವರ್ಷ ನಾವು ಮೊದಲ ಸುತ್ತು ದಾಟಲಿಲ್ಲ.

ಕಾರ್ಡಿನಲ್ಲಿ ಈಗ ಹನ್ನೆರಡು ಸಾಲಿವೆ. ಹನ್ನೊಂದನೆಯದು, ಮೊದಲ ಸಲ ಹೊತ್ತದಿದ್ದರೆ ಇಳಿಸುವುದು, ಯಾರು ಏನೇ ಕೂಗಿದರೂ. ಹನ್ನೆರಡನೆಯದರಲ್ಲಿ "ಬರೆದವರು" ಅಂತ ಇದೆ, ಅದರ ಮುಂದೆ ಐದು ಜನರ ಸಹಿ. ಆರನೆಯದು ಅವಳದು, ಹಾರಿಸುವವಳು ಓದಿ ಒಪ್ಪದೆ ಕಾರ್ಡು ಮೈದಾನಕ್ಕೆ ಹೋಗಲ್ಲ. ಮುಂದಿನ ಶನಿವಾರ ಗಾಳಿ ಕಡಿಮೆ ಇದ್ದರೆ ಮತ್ತೆ ಹಾರಿಸ್ತೀವಿ. ಜೂನಿಯರ್‌ಗಳು ಬರೋದಾದರೆ ಆರೂಕಾಲಿಗೆ ಮೈದಾನದ ಪೂರ್ವದ ಗೇಟಿನ ಹತ್ತಿರ ಇರಿ. ಟೋಪಿ ತನ್ನಿ, ಸೂರ್ಯ ಆ ಕಡೆಯಿಂದಲೇ ಕಣ್ಣಿಗೆ ಹೊಡೆಯುತ್ತಾನೆ.